ಅಧ್ಯಕ್ಷಗಿರಿ ಬಂದ ಮೇಲೆ ಓದುವ ಪುಸ್ತಕಗಳು

ಹಾಲಿನ ಸಂಘಕ್ಕೋ, ಗ್ರಾಮ ಪಂಚಾಯಿತಿಗೋ, ಸ್ತ್ರೀಶಕ್ತಿ ಸಂಘಗಳ ಒಕ್ಕೂಟಕ್ಕೋ ಹೊಸದಾಗಿ ಅಧ್ಯಕ್ಷರಾದವರು ಅಂಗಡಿಗೆ ಹೋಗಿ ‘ನಾಯಕತ್ವದ ಬಗ್ಗೆ ಏನಾದರೂ ಕೊಡಿ’ ಅಂದರೆ ಕೈಗೆ ಬರುವುದು ವ್ಯಕ್ತಿತ್ವ ವಿಕಸನದ ಪುಸ್ತಕ. ಏಳು ಸೂತ್ರ, ಹತ್ತು ಗುಣ, ಇಪ್ಪತ್ತೊಂದು ಗುಟ್ಟು. ಓದುವಾಗ ಎಲ್ಲವೂ ಹೌದು ಹೌದು ಅನ್ನಿಸುತ್ತದೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಡೇರಿ ಮುಂದೆ ಒಬ್ಬರು ಕ್ಯಾನು ಕುಕ್ಕಿ ‘ನನ್ನ ಹಾಲಿಗೆ ಫ್ಯಾಟು ಕಡಿಮೆ ಹಾಕಿದ್ದೀರಿ’ ಎಂದು ನಿಂತರೆ, ಇಪ್ಪತ್ತೊಂದರಲ್ಲಿ ಒಂದೂ ನೆನಪಾಗುವುದಿಲ್ಲ. ಆ ಪುಸ್ತಕಗಳಲ್ಲಿ ಗುಣಗಳಿರುತ್ತವೆ, ಸಂದರ್ಭ ಇರುವುದಿಲ್ಲ.

ಆತ್ಮಕಥೆಯಲ್ಲಿ, ನೆನಪಿನ ಬರಹದಲ್ಲಿ, ಒಳ್ಳೆಯ ಕಾದಂಬರಿಯಲ್ಲಿ ಸಂದರ್ಭ ಇರುತ್ತದೆ. ಯಾರ ಕೈಯಲ್ಲಿ ದುಡ್ಡಿತ್ತು, ಯಾರ ಅಪ್ಪಣೆ ಬೇಕಿತ್ತು, ಎಷ್ಟು ಹೊತ್ತಿತ್ತು, ಯಾರು ಮುನಿಸಿಕೊಂಡರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಹಾಗಂತ ಆತ್ಮಕಥೆ ಎಂದು ಅಚ್ಚಾದದ್ದೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಅರ್ಧಕ್ಕರ್ಧ ಪುಸ್ತಕಗಳು ಸನ್ಮಾನ ಪತ್ರದ ಉದ್ದನೆಯ ರೂಪ. ಕೋಲಾರ, ಚಿಕ್ಕಬಳ್ಳಾಪುರದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲವನ್ನು ಇಲ್ಲಿ ತೂಗಿ ನೋಡಿದೆ. ಹೆಚ್ಚಿನವು ಇದೇ ನೆಲದವರವು, ಕೆಲವು ಹೊರಗಿನವು.

ತೂಕಕ್ಕೆ ಇಟ್ಟ ಕಲ್ಲು ಒಂದೇ. ಬರೆದವರು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಹೊತ್ತನ್ನು, ಆಗ ಅವರಿಗೆ ಗೊತ್ತಿದ್ದಷ್ಟನ್ನೇ ಇಟ್ಟು ಹೇಳಿದ್ದಾರೆಯೇ? ಇಲ್ಲಾ ಎಲ್ಲವೂ ಮುಗಿದ ಮೇಲಿನ ಬುದ್ಧಿಯನ್ನು ಹಿಂದಕ್ಕೆ ಒಯ್ದು ಹಚ್ಚಿದ್ದಾರೆಯೇ? ಮೊದಲ ಬಗೆಯ ಪುಟ ನೂರಕ್ಕೆ ಹತ್ತು ಸಿಕ್ಕರೂ ಪುಸ್ತಕಕ್ಕೆ ಕೊಟ್ಟ ದುಡ್ಡು ವಸೂಲು.

ಮೊದಲು ಮುದ್ದೇನಹಳ್ಳಿಯವರದು. ಎಂ. ವಿಶ್ವೇಶ್ವರಯ್ಯನವರ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಹೊರಬಂದದ್ದು 1951ರಲ್ಲಿ, ಅವರಿಗೆ ತೊಂಬತ್ತರ ಆಸುಪಾಸು. ಹೆಸರೇ ಹೇಳುವಂತೆ ಇದು ಕೆಲಸದ ನೆನಪು, ಮನೆಯ ನೆನಪಲ್ಲ. ಮದುವೆ, ಮುಂಜಿ, ನೆಂಟರು, ಕಾಯಿಲೆ ಹುಡುಕುವವರಿಗೆ ನಿರಾಸೆ. ಭಾಷೆ ವರದಿಯ ಹಾಗೆ ಒಣ. ಆದರೂ ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಕೇಳಿ ಕೇಳಿ ಸವೆದುಹೋದ ಎರಡು ದೀಪದ ಕಥೆಗಿಂತ ಈ ಒಣ ಪುಟಗಳು ಹತ್ತು ಪಾಲು ಮೇಲು. ಸರ್ಕಾರದ ಕೆಲಸಕ್ಕೆ ಒಂದು ದೀಪ, ಸ್ವಂತಕ್ಕೆ ಇನ್ನೊಂದು ಎಂಬ ಕಥೆಯಲ್ಲಿ ಇಕ್ಕಟ್ಟೇ ಇಲ್ಲ. ಯಾವುದು ಸರಿ ಎಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಕೇಳಿದವರು ಕೈಮುಗಿಯುತ್ತಾರೆ, ಕಲಿಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಅದರ ಬದಲು 1884ರ ಪ್ರಸಂಗ ನೋಡಿ. ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ಹೊಸತು. ಈಗಿನ ಮಹಾರಾಷ್ಟ್ರದ ಖಾಂದೇಶದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಪೈಪ್ ಸೈಫನ್, ಅಂದರೆ ನೀರು ದಾಟಿಸುವ ಕೊಳವೆ, ಹಾಕುವ ಕೆಲಸ. ಮಳೆ ಹಿಡಿಯಿತು, ಕೆಲಸ ಕೆಟ್ಟಿತು. ಮಳೆಗಾಲ ಕಳೆದ ಮೇಲೆ ಮಾಡೋಣ ಎಂದು ಹುಡುಗ ಮೇಲಧಿಕಾರಿಗೆ ಬರೆದ. ನಿನ್ನ ವಿಧೇಯತೆ, ಶಿಸ್ತಿನ ಬಗ್ಗೆಯೇ ಅನುಮಾನ ಬರುತ್ತಿದೆ ಎಂಬ ಧಾಟಿಯ ಉತ್ತರ ಬಂತು. ಕೊನೆಗೆ ಮಳೆಯ ನಡುವೆಯೇ ಕೆಲಸ ಮುಗಿಯಿತು.

ಇಲ್ಲಿ ಪುಟ ಮುಚ್ಚಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎಷ್ಟೋ ಇವೆ. ಮಳೆಯ ವಿಷಯದಲ್ಲಿ ಸ್ಥಳದಲ್ಲಿದ್ದವನಿಗೆ ಹೆಚ್ಚು ಗೊತ್ತೋ, ಕಚೇರಿಯಲ್ಲಿದ್ದವನಿಗೋ? ಕಾಗದದಲ್ಲಿ ಬರೆಯದೆ ಎದುರು ಹೋಗಿ ಹೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತೇ? ‘ಆಗುವುದಿಲ್ಲ’ ಎಂದು ಬರೆಯುವುದಕ್ಕೂ ‘ಹೀಗೆ ಮಾಡಿದರೆ ಇಷ್ಟು ಖರ್ಚು, ಕಾದರೆ ಇಷ್ಟು’ ಎಂದು ಬರೆಯುವುದಕ್ಕೂ ಏನು ವ್ಯತ್ಯಾಸ? ಒಕ್ಕೂಟದ ಸುತ್ತೋಲೆ ಕೈಗೆ ಬಂದಾಗ ‘ನಮ್ಮೂರಲ್ಲಿ ಇದು ನಡೆಯಲ್ಲ ಸಾರ್’ ಎಂದಷ್ಟೇ ಹೇಳುವ ಕಾರ್ಯದರ್ಶಿಗಳು ಈ ಎರಡು ಪುಟವನ್ನು ಎರಡು ಸಲ ಓದಬೇಕು. ಸುತ್ತೋಲೆ ಕಳಿಸುವವರು ಮೂರು ಸಲ.

ಕಾವೇರಿಗೆ ಕಟ್ಟಿದ ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟಿನ ಭಾಗವನ್ನು ಮಾತ್ರ ಒಂಟಿಯಾಗಿ ಓದಬೇಡಿ. ಮದ್ರಾಸ್ ಸರ್ಕಾರ ಒಪ್ಪಿದ್ದು ಮೊದಲ ಹಂತದ ಎತ್ತರಕ್ಕೆ ಮಾತ್ರ. 1911ರಲ್ಲಿ ಕೆಲಸ ಶುರುವಾದಾಗ ಮೈಸೂರು ಅಡಿಪಾಯವನ್ನು ಮುಂದಿನ ಎತ್ತರವನ್ನೂ ಹೊರುವಷ್ಟು ಅಗಲಕ್ಕೆ ಹಾಕಿತು. ನಮಗೆ ಅದು ದೂರದೃಷ್ಟಿ. ಕೆಳಗಿನ ದಂಡೆಯವರಿಗೆ ಅದು ಕೊಟ್ಟ ಮಾತಿನ ಸುತ್ತ ಹೋಗುವ ಜಾಣತನ. 1924ರ ಒಪ್ಪಂದದ ತನಕ ತಕರಾರು ಎಳೆಯಿತು. ಅಪ್ಪಣೆ ಸಿಗುವ ಮೊದಲೇ ಮುಂದಿನದಕ್ಕೆ ಜಾಗ ಬಿಟ್ಟುಕೊಳ್ಳುವುದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮೋಸ ಎಂದು ಚರ್ಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆ. ಬರೆದವರು ತಮ್ಮ ಕಡೆಯನ್ನು ಹೇಳುತ್ತಾರೆ. ಎದುರು ಕಡೆಯನ್ನು ಓದುಗರೇ ತುಂಬಿಕೊಳ್ಳಬೇಕು.

ಮೈಸೂರಿನ ದಿವಾನಗಿರಿಗೆ ಅವರು ಕೊಟ್ಟ 1918ರ ರಾಜೀನಾಮೆಯೂ ಹಾಗೆಯೇ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಎಂಬ ಬೇಡಿಕೆಗೆ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದ ಕಾಲ ಅದು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಕೋಲಾರದ ಯಾವ ಊರಿನಲ್ಲಿ ಗುಂಪಾಗಿ ಕೂತು ಓದಿದರೂ ಇಲ್ಲಿ ಮಾತು ಬಿಸಿಯಾಗುತ್ತದೆ, ಆಗಲೇಬೇಕು. ಮುಂದಾಳು ಅಷ್ಟು ದೊಡ್ಡವರಾಗಿದ್ದೂ ಹುದ್ದೆಯ ಹೊರಗಿದ್ದವರ ಬೇಡಿಕೆ ಅವರಿಗೆ ಏಕೆ ಹಿಡಿಸಲಿಲ್ಲ ಎಂದು ಕೇಳದೆ ಪುಟ ಮಗುಚಿದರೆ ಪುಸ್ತಕ ಓದಿದಂತಲ್ಲ, ಫೋಟೋಗೆ ಹಾರ ಹಾಕಿದಂತೆ.

ಮುಳಬಾಗಿಲಿನ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟ. ಎಲ್ಲವನ್ನೂ ಕೊಳ್ಳುವ ಅಗತ್ಯವಿಲ್ಲ, ‘ಮೈಸೂರಿನ ದಿವಾನರು’ ಸಂಪುಟ ಸಾಕು. ಇದರ ಗುಣವೇ ಬೇರೆ. ಬರೆದವರು ತಮ್ಮ ಕಥೆ ಹೇಳುತ್ತಿಲ್ಲ, ತಾವು ಕಂಡ, ಕೇಳಿದ ಮುಂದಾಳುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಪತ್ರಕರ್ತರಾಗಿ ಅಧಿಕಾರದ ಪಡಸಾಲೆವರೆಗೆ ಹೋಗಿಬರುತ್ತಿದ್ದರು, ಒಳಮನೆಯವರಾಗಲಿಲ್ಲ. ದಿವಾನ ವಿ.ಪಿ. ಮಾಧವರಾಯರ ಕಾಲದ 1908ರ ಪತ್ರಿಕಾ ಕಾನೂನಿನಂಥದ್ದು ಪತ್ರಕರ್ತರ ಕತ್ತಿನ ಮೇಲೇ ಬಂದಿತ್ತು. ಹಾಗಿದ್ದೂ ಮನುಷ್ಯನ ಗುಣ ಬೇರೆ, ಅವನ ತೀರ್ಮಾನದ ಗುಣ ಬೇರೆ ಎಂದು ಬಿಡಿಸಿ ನೋಡುವ ಕಣ್ಣು ಇಲ್ಲಿದೆ. ಒಂದೇ ಕುರ್ಚಿ, ಒಂದೇ ಅರಮನೆ, ಒಂದೇ ಖಜಾನೆ, ಕೂತವರು ಮಾತ್ರ ಬೇರೆ ಬೇರೆ. ಒಬ್ಬರು ಕಡತ ಮನೆಗೊಯ್ಯುವವರು, ಇನ್ನೊಬ್ಬರು ಜನರನ್ನು ಕರೆದು ಕೂರಿಸಿ ಮಾತಾಡುವವರು. ಹೀಗೆ ಹೋಲಿಸಿ ನೋಡುವ ಅವಕಾಶ ಒಬ್ಬರೇ ಬರೆದ ಆತ್ಮಕಥೆಯಲ್ಲಿ ಸಿಗುವುದಿಲ್ಲ.

ಕಷ್ಟ ಇರುವುದು ಭಾಷೆಯಲ್ಲಿ. ಹಳೆಯ ಗದ್ಯ, ಸಂಸ್ಕೃತದ ಪದ ಜಾಸ್ತಿ. ಮೌನವಾಗಿ ಓದಿದರೆ ಹತ್ತು ಪುಟಕ್ಕೆ ಆಕಳಿಕೆ ಬರುತ್ತದೆ. ಗಟ್ಟಿಯಾಗಿ ಓದಿಸಿದರೆ ಮಾತಿನ ಲಯ ಹಿಡಿದು ತಾನೇ ನಡೆಯುತ್ತದೆ. ಬರೆದವರೇ ಮಾತುಗಾರರು, ಪುಟಕ್ಕೂ ಕಿವಿಯೇ ಬೇಕು. ಇನ್ನೊಂದು ಕೊರತೆ, ಹೊಗಳುವಾಗ ಧಾರಾಳ. ಹಿರಿಯರ ಸಣ್ಣತನಗಳು ಸಾಲುಗಳ ನಡುವೆ ಅಡಗಿರುತ್ತವೆ, ಹುಡುಕಿ ತೆಗೆಯಬೇಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ ಈ ಪಟ್ಟಿಯಲ್ಲಿ ಓದಲು ಎಲ್ಲಕ್ಕಿಂತ ಸಲೀಸು. ಹೈಸ್ಕೂಲಿಗೆ ಸೇರಲು ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಹುಡುಗ, 1942ರಲ್ಲಿ ಜೈಲು, ಅಮೆರಿಕದಲ್ಲಿ ಪಿಎಚ್.ಡಿ., ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಗುಂಪಿನಲ್ಲಿ ಓದಲು ಶುರು ಮಾಡಿದರೆ ಎಲ್ಲರೂ ನಡೆದುಹೋದ ಭಾಗಕ್ಕೇ ಅಂಟಿಕೊಳ್ಳುತ್ತಾರೆ, ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಅದನ್ನು ಮನೆಯಲ್ಲಿ ಓದಿಕೊಳ್ಳಲಿ. ಕೂತು ಚರ್ಚಿಸಬೇಕಾದದ್ದು ಕುಲಪತಿಯ ವರ್ಷಗಳನ್ನು.

1976ರಲ್ಲಿ ಅವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ವಿಶ್ವವಿದ್ಯಾಲಯದಿಂದ ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ, ಪರೀಕ್ಷೆ ನಡೆಯಲಿಲ್ಲ. ಇದನ್ನು ಗೆಲುವು ಎನ್ನುವುದೋ ಸೋಲು ಎನ್ನುವುದೋ? ಇಲ್ಲಿ ಗುಂಪು ಎರಡಾಗುತ್ತದೆ. ಪ್ರಶ್ನೆ ಕೇಳುವ ಹಕ್ಕನ್ನು ಎತ್ತಿ ಹಿಡಿದದ್ದೇ ಸಾಕು ಎಂದು ಕೆಲವರು. ಎದುರಿನವರು ಒಪ್ಪದೆ ನಡೆಯಲಾರದ ಕೆಲಸಕ್ಕೆ ಕೈ ಹಾಕಿದ್ದೇ ತಪ್ಪು ಎಂದು ಕೆಲವರು. ಎರಡೂ ಕಡೆ ವಾದಕ್ಕೆ ಬಲ ಇದೆ, ಅದಕ್ಕೇ ಈ ಅಧ್ಯಾಯ ಉಪಯುಕ್ತ. ಭಕ್ತರು ಗುಂಪಿನಲ್ಲಿದ್ದರೆ ಮೊದಲೇ ಒಂದು ಮಾತು ಆಗಿರಲಿ: ಚರ್ಚೆ ದೇವರ ಮೇಲಲ್ಲ, ಸಮಿತಿಯ ಮೇಲೆ.

ಇಷ್ಟು ಹೊತ್ತು ಗೆದ್ದವರ ಮಾತಾಯಿತು. ಆತ್ಮಕಥೆಯ ದೊಡ್ಡ ದೋಷವೇ ಅದು, ಗೆದ್ದವರು ಮಾತ್ರ ಬರೆಯುತ್ತಾರೆ. ಸಂಘ ಮುಳುಗಿಸಿದ ಅಧ್ಯಕ್ಷರು ನೆನಪುಗಳನ್ನು ಬರೆದು ಬಿಡುಗಡೆ ಸಮಾರಂಭ ಇಟ್ಟುಕೊಂಡ ಉದಾಹರಣೆ ಇಲ್ಲ. ಸೋತ ಮುಂದಾಳನ್ನು ಒಳಗಿನಿಂದ ನೋಡಬೇಕಾದರೆ ಕಾದಂಬರಿಗೇ ಹೋಗಬೇಕು, ಅದಕ್ಕೂ ದೂರ ಹೋಗಬೇಕಾಗಿಲ್ಲ. ಮಾಲೂರು ತಾಲ್ಲೂಕಿನವರಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇದೆ. 1834ರಲ್ಲಿ ಇಂಗ್ಲಿಷರು ಗಾದಿಯಿಂದ ಇಳಿಸಿದ ಕೊಡಗಿನ ಕೊನೆಯ ಅರಸನ ಕಥೆ. ಮಾಸ್ತಿಯವರೇ ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯವರೆಗೆ ಹೋಗಿ, ಕಿರಿಯರೊಬ್ಬರನ್ನು ತಮ್ಮ ಮೇಲೆ ತಂದದ್ದಕ್ಕೆ 1944ರಲ್ಲಿ ಬಿಟ್ಟುಬಂದವರು. ಆಡಳಿತದ ಒಳಮನೆ ಅವರಿಗೆ ಗೊತ್ತು.

ರಾಜ ಕೆಟ್ಟವನು ಎಂದು ಓದಿ ಮುಗಿಸಿದರೆ ಏನೂ ಸಿಗುವುದಿಲ್ಲ. ರಾಜನ ಸುತ್ತ ಇರುವವರನ್ನು ನೋಡಬೇಕು. ಕುಂಟ ಬಸವ ರಾಜನಿಗೆ ಬಾಲ್ಯದಿಂದ ಬಂಟ. ರಾಜನ ಕಿವಿಗೆ ಹೋಗುವ ಮಾತೆಲ್ಲ ಅವನನ್ನು ದಾಟಿಯೇ ಹೋಗಬೇಕು. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಯೋಗ್ಯ ಮಂತ್ರಿಗಳು, ಆದರೆ ಬುದ್ಧಿ ಹೇಳುವುದು, ಸಹಿಸುವುದು, ಕೈಬಿಡುವುದು ಈ ಮೂರರಲ್ಲಿ ಯಾವುದನ್ನು ಯಾವಾಗ ಮಾಡಬೇಕು ಎಂಬುದೇ ಅವರ ಸಂಕಟ. ರಾಣಿ ಗೌರಮ್ಮ ಮನೆಯನ್ನೂ ರಾಜ್ಯವನ್ನೂ ಒಂದೇ ಕೈಯಲ್ಲಿ ಸಂಭಾಳಿಸಲು ನೋಡುತ್ತಾಳೆ. ಕಾರ್ಯದರ್ಶಿಯನ್ನು ದಾಟಿ ಒಂದು ದೂರೂ ಅಧ್ಯಕ್ಷರ ಕಿವಿಗೆ ಬೀಳದ ಸಂಘ ಪ್ರತಿ ತಾಲ್ಲೂಕಿನಲ್ಲೂ ಒಂದಲ್ಲ ಒಂದು ಇರುತ್ತದೆ. ಅಂಥಲ್ಲಿ ಈ ಕಾದಂಬರಿ ಓದಿಸಿದರೆ ಯಾರ ಹೆಸರನ್ನೂ ಎತ್ತದೆ ಮಾತು ಶುರುವಾಗುತ್ತದೆ. ನಿರ್ದೇಶಕರು ಬೋಪಣ್ಣನ ಬಗ್ಗೆ ಮಾತಾಡುತ್ತಾ ತಮ್ಮ ಬಗ್ಗೆಯೇ ಮಾತಾಡುತ್ತಿರುತ್ತಾರೆ. ಕಾದಂಬರಿ ದೊಡ್ಡದು, ಮೂರು ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಅವಸರ ಬೇಡ.

ಹೊರಗಿನ ಮೂರರಲ್ಲಿ ಗಾಂಧೀಜಿಯವರ ಆತ್ಮಕಥೆಯನ್ನು ಗೊರೂರರ ಕನ್ನಡದಲ್ಲೇ ಓದಬಹುದು. 1927ರ ಬೇಸಿಗೆಯಲ್ಲಿ ಅವರು ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ಉಳಿದಾಗ ಇದು ಪತ್ರಿಕೆಯಲ್ಲಿ ವಾರವಾರ ಕಂತಾಗಿ ಬರುತ್ತಿತ್ತು. ಐದು ಭಾಗಗಳ ಪುಸ್ತಕದಲ್ಲಿ ನೇರವಾಗಿ ಐದನೆಯ ಭಾಗಕ್ಕೆ ಹೋಗಿ, ಹಿಮಾಲಯದಷ್ಟು ದೊಡ್ಡ ತಪ್ಪು ಎಂದು ಅವರೇ ಕರೆದುಕೊಂಡ ಅಧ್ಯಾಯ ಹುಡುಕಿ. 1919ರಲ್ಲಿ, ಜನ ತಯಾರಾಗುವ ಮೊದಲೇ ಕಾನೂನುಭಂಗಕ್ಕೆ ಕರೆ ಕೊಟ್ಟೆ ಎಂಬ ಒಪ್ಪಿಗೆ ಅದು. ತಪ್ಪೊಪ್ಪಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಮುಂದಿನದನ್ನು ನೋಡುವವರು ಕಡಿಮೆ: ಸತ್ಯಾಗ್ರಹ ಎಂದರೇನು ಎಂದು ಜನರಿಗೆ ತಿಳಿಸಿಕೊಡಲು ಸ್ವಯಂಸೇವಕರ ಪಡೆ ಕಟ್ಟಲು ಹೋದರು, ಬಂದವರು ಕೆಲವೇ ಮಂದಿ. ತಪ್ಪಾಯಿತು ಎನ್ನುವುದಕ್ಕೆ ಒಂದು ದಿನ ಸಾಕು. ತಪ್ಪನ್ನು ಸರಿಪಡಿಸುವ ಬೇಸರದ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬುದೂ ಅದೇ ಅಧ್ಯಾಯದಲ್ಲಿದೆ.

ಹಾಲಿನ ಜಿಲ್ಲೆಗಳಲ್ಲಿ ವರ್ಗೀಸ್ ಕುರಿಯನ್ ಅವರ ‘ಐ ಟೂ ಹ್ಯಾಡ್ ಎ ಡ್ರೀಮ್’ ಬಿಡುವಂತಿಲ್ಲ. 2005ರ ಇಂಗ್ಲಿಷ್ ಪುಸ್ತಕ. ಗುಂಪಿನಲ್ಲಿ ಇಂಗ್ಲಿಷ್ ಬಲ್ಲ ಒಬ್ಬರು ಓದಿಕೊಂಡು ಬಂದು ಕನ್ನಡದಲ್ಲಿ ಹೇಳಿದರೆ ಸಾಕು. ಕುರಿಯನ್ ತಮ್ಮನ್ನು ತಾವು ಕಡಿಮೆ ಮಾಡಿಕೊಳ್ಳುವ ಪೈಕಿ ಅಲ್ಲ, ಅದನ್ನು ಸಹಿಸಿಕೊಳ್ಳಬೇಕು. ಇದರಲ್ಲಿ ನಿಜವಾದ ಪಾಠ ಇರುವುದು ಕುರಿಯನ್ ಬಳಿ ಅಲ್ಲ, ತ್ರಿಭುವನದಾಸ್ ಪಟೇಲರ ಬಳಿ. ಮುಂದೆ ಅಮುಲ್ ಎಂದು ಹೆಸರಾದ ಗುಜರಾತಿನ ಖೇಡಾ ಹಾಲು ಒಕ್ಕೂಟ ನೋಂದಣಿಯಾದದ್ದು 1946ರಲ್ಲಿ. ಕುರಿಯನ್ ಆಣಂದಕ್ಕೆ ಬಂದದ್ದು 1949ರ ಮೇನಲ್ಲಿ, ಅದೂ ಸರ್ಕಾರಿ ಕ್ರೀಮರಿಯ ನೌಕರನಾಗಿ. ಪಟೇಲರು ರೈತರು ಆರಿಸಿದ ಅಧ್ಯಕ್ಷರು, ಕುರಿಯನ್ ಮುಂದೆ ಅದೇ ಒಕ್ಕೂಟಕ್ಕೆ ಸಂಬಳದ ಮ್ಯಾನೇಜರು. ಊರೂರು ತಿರುಗಿ ಸಂಘ ಕಟ್ಟುವುದು, ರಾಜಕೀಯದ ಒತ್ತಡ ತಡೆಯುವುದು ಅಧ್ಯಕ್ಷರ ಪಾಲು. ಯಂತ್ರ, ಮಾರಾಟ, ಲೆಕ್ಕ ಮ್ಯಾನೇಜರ ಪಾಲು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಲಿಲ್ಲ. ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂದು ಪರಿಣತರು ಹೇಳುತ್ತಿದ್ದಾಗ ಮಾಡಿ ತೋರಿಸಿದ್ದು ಎಚ್.ಎಂ. ದಲಾಯ ಎಂಬ ಗೆಳೆಯ, ಅವರನ್ನು ನಂಬಿ ಬಿಟ್ಟದ್ದು ಕುರಿಯನ್. ನಮ್ಮ ಸಂಘಗಳಲ್ಲಿ ಬಹುತೇಕ ಜಗಳ ಹುಟ್ಟುವುದು ಬಟವಾಡೆ ದಿನ ಅಧ್ಯಕ್ಷರು ಲೆಕ್ಕದ ಪುಸ್ತಕಕ್ಕೆ ಕೈ ಹಾಕಿದಾಗ, ಅಥವಾ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿಯೇ ಅಧ್ಯಕ್ಷರ ಮಾತಾಡಿದಾಗ. ಪುಸ್ತಕವನ್ನು ಈ ಒಂದು ಪ್ರಶ್ನೆ ಹಿಡಿದು ಓದಿ, ಉಳಿದ ಗೆಲುವಿನ ಕಥೆಗಳನ್ನು ಬಿಡಬಹುದು.

ಕಲಾಂ ಅವರ ‘ವಿಂಗ್ಸ್ ಆಫ್ ಫೈರ್’ ಬಗ್ಗೆ ಒಂದು ತಕರಾರು. ಕಾಲೇಜು ಹುಡುಗರಿಗೆ ಕನಸು ಕಾಣಿ ಎನ್ನಲು ಇದನ್ನು ಬಳಸಿ ಬಳಸಿ, ಇದರಲ್ಲಿನ ಅತ್ಯಂತ ಬೆಲೆಬಾಳುವ ನಾಲ್ಕೈದು ಪುಟ ಯಾರ ಕಣ್ಣಿಗೂ ಬೀಳದಂತಾಗಿದೆ. 1979ರ ಆಗಸ್ಟ್ 10, ಎಸ್‌ಎಲ್‌ವಿ-3ರ ಮೊದಲ ಉಡಾವಣೆ. ರಾಕೆಟ್ಟು ಸಮುದ್ರಕ್ಕೆ ಬಿತ್ತು. ತನಿಖೆಯಲ್ಲಿ ಗೊತ್ತಾದದ್ದು: ಉಡಾವಣೆಗೆ ಎಂಟು ನಿಮಿಷ ಇರುವಾಗ ಎರಡನೇ ಹಂತದ ಆಮ್ಲದ ಟ್ಯಾಂಕಿನ ವಾಲ್ವು ಮೊದಲ ಆಜ್ಞೆಗೆ ತೆರೆದದ್ದು ಕಸ ಸಿಕ್ಕಿ ಮುಚ್ಚದೆ ಹಾಗೇ ಉಳಿಯಿತು. ಆಮ್ಲ ಸೋರಿಹೋಗಿ, ಎರಡನೇ ಹಂತಕ್ಕೆ ದಿಕ್ಕು ಹಿಡಿಯುವ ಬಲ ಇಲ್ಲವಾಯಿತು. ಪರಾಮರ್ಶೆ ಸಭೆಯಲ್ಲಿ ತಾಂತ್ರಿಕ ವಿವರಣೆ ಎಲ್ಲ ಮುಗಿದ ಮೇಲೆ ಕಲಾಂ ಎದ್ದು ನಿಂತು, ಸೋರಿಕೆ ಕಂಡಾಗ ಅದು ಲೆಕ್ಕಕ್ಕಿಲ್ಲ ಎಂದುಕೊಂಡದ್ದು ನನ್ನ ತಪ್ಪು, ಉಡಾವಣೆ ತಡೆಯಬೇಕಿತ್ತು ಎಂದು ಹೊಣೆ ಹೊತ್ತರು.

ಇದೇ ಘಟನೆಯನ್ನು ಮುಂದೆ ಭಾಷಣಗಳಲ್ಲಿ ಹೇಳುವಾಗ ಕಲಾಂ ಒತ್ತನ್ನು ಬೇರೆ ಕಡೆ ಇಡುತ್ತಿದ್ದರು. ಅಲ್ಲಿ ನಾಯಕ ಆಗಿನ ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲಿನ ದಿನ ಪತ್ರಕರ್ತರ ಎದುರು ತಾವೇ ಕೂತವರು, 1980ರ ಜುಲೈ 18ರಂದು ಗೆದ್ದಾಗ ಕಲಾಂ ಅವರನ್ನು ಮುಂದೆ ಕಳಿಸಿದವರು. ಎರಡೂ ಹೇಳಿಕೆ ಒಟ್ಟಿಗೆ ಇಟ್ಟು ಓದಿದರೆ ಎರಡು ಬೇರೆ ಕೆಲಸಗಳು ಕಾಣುತ್ತವೆ. ಒಳಗಿನ ಕೋಣೆಯಲ್ಲಿ ತಂಡದ ಮುಖ್ಯಸ್ಥ ತಪ್ಪನ್ನು ಹೆಸರು ಹಿಡಿದು ಒಪ್ಪಿಕೊಳ್ಳಬೇಕು. ಹೊರಗಿನ ಜಗುಲಿಯಲ್ಲಿ ಅವನ ಮೇಲಿನವರು ಅಡ್ಡ ನಿಲ್ಲಬೇಕು. ಒಳಗೆ ಯಾರೂ ಒಪ್ಪಿಕೊಳ್ಳದೆ ಹೊರಗೆ ಮಾತ್ರ ಅಡ್ಡ ನಿಂತರೆ ಅದಕ್ಕೆ ಮುಚ್ಚಿಹಾಕುವುದು ಎಂದು ಹೆಸರು.

ಈ ಪುಟಗಳನ್ನು ಓದುವ ಕ್ರಮ ಹೀಗೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ಆಗ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಯಾರ ಅಪ್ಪಣೆ ಬೇಕಿತ್ತು, ಎಷ್ಟು ಹೊತ್ತಿತ್ತು. ಕಲಾಂ ಪ್ರಸಂಗಕ್ಕೆ ತುಂಬಿದರೆ: ಸೋರಿಕೆ ಇದೆ ಎಂದು ಗೊತ್ತಿತ್ತು, ವಾಲ್ವು ಮುಚ್ಚಿಕೊಳ್ಳುವುದಿಲ್ಲ ಎಂದು ಗೊತ್ತಿರಲಿಲ್ಲ, ತಡೆಯಲು ಬೇರೆ ಯಾರ ಅಪ್ಪಣೆಯೂ ಬೇಡವಾಗಿತ್ತು, ಇದ್ದದ್ದು ಎಂಟು ನಿಮಿಷ. ಮೂರನೇ ಸಾಲು ತುಂಬುವ ಹೊತ್ತಿಗೆ ಹೊಣೆ ಯಾಕೆ ಅವರದೇ ಎಂದು ಯಾರೂ ವಿವರಿಸಬೇಕಾಗಿಲ್ಲ. ಕನ್ನಂಬಾಡಿಗೆ ಇದೇ ಸಾಲುಗಳನ್ನು ತುಂಬಿ ನೋಡಿ, ಮೂರನೆಯದು ಪುಟ ಮೀರಿ ಹೋಗುತ್ತದೆ. ಇನ್ನು ತೀರ್ಮಾನದ ಹಿಂದಿನ ಸಾಲಿನಲ್ಲೇ ಚೀಟಿ ಇಟ್ಟು ಪುಸ್ತಕ ಮುಚ್ಚಬೇಕು. ಎಲ್ಲರೂ ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ತಮ್ಮ ತಮ್ಮ ಚೀಟಿಯಲ್ಲಿ ಒಂದು ವಾಕ್ಯ ಬರೆದ ಮೇಲೆಯೇ ತೆರೆಯಬೇಕು. ಮೊದಲೇ ಕಥೆ ಗೊತ್ತಿದ್ದವರು ಆ ದಿನ ಓದುವ ಕೆಲಸ ವಹಿಸಿಕೊಳ್ಳಲಿ, ಉತ್ತರ ಹೇಳುವುದು ಬೇಡ.

ಗುಂಪು ಆರರಿಂದ ಹತ್ತು ಜನ. ಹನ್ನೆರಡು ದಾಟಿದರೆ ಮೂರು ಜನ ಮಾತಾಡುತ್ತಾರೆ, ಉಳಿದವರು ಫೋನು ನೋಡುತ್ತಾರೆ. ಸಂಜೆಯ ಹಾಲು ಅಳೆದು ಮುಗಿದ ಮೇಲೆ, ಏಳೂವರೆಯಿಂದ ಒಂಬತ್ತು. ಗಟ್ಟಿಯಾಗಿ ಓದಿದರೆ ಪುಟಕ್ಕೆ ಸುಮಾರು ಮೂರು ನಿಮಿಷ ಹಿಡಿಯುತ್ತದೆ, ಆದ್ದರಿಂದ ಕೂತಾಗ ಓದುವುದು ಆರೇಳು ಪುಟ ಮಾತ್ರ. ಉಳಿದ ಇಪ್ಪತ್ತು ಪುಟ ಮನೆಯಲ್ಲಿ. ಚೀಟಿಗೆ ಐದು ನಿಮಿಷ, ಮಾತಿಗೆ ನಲವತ್ತು. ಕೊನೆಯ ಹತ್ತು ನಿಮಿಷ ಮಾತ್ರ ಸ್ವಂತ ಸಂಘದ ವಿಷಯ. ಮೊದಲೇ ಅದಕ್ಕೆ ಹೋದರೆ ಪುಸ್ತಕ ಅಲ್ಲಿಗೇ ಮುಚ್ಚಿತು, ನಡವಳಿ ಪುಸ್ತಕ ತೆರೆಯಿತು.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಸಂಘದ ಅಧ್ಯಕ್ಷರೇ ಓದಿನ ಗುಂಪಿಗೂ ಅಧ್ಯಕ್ಷರಾದರೆ ಅವರ ಅಭಿಪ್ರಾಯವೇ ಠರಾವು ಆಗಿಬಿಡುತ್ತದೆ. ‘ಅಧ್ಯಕ್ಷರೇ, ನೀವು ಕೊನೆಗೆ ಹೇಳಿ’ ಎನ್ನುವಷ್ಟು ಸಲುಗೆ ಇರುವ ಹಿರಿಯರೊಬ್ಬರನ್ನು ನಡೆಸುವುದಕ್ಕೆ ಕೂರಿಸಿ, ಚೀಟಿಯನ್ನು ವಯಸ್ಸಿನಲ್ಲಿ ಸಣ್ಣವರಿಂದ ಓದಿಸಿ. ಎರಡನೆಯದು ಬಾಲ್ಯದ ಅಧ್ಯಾಯ. ಎಲ್ಲ ಆತ್ಮಕಥೆಯೂ ಬಡತನ, ತಾಯಿ,ಮೇಷ್ಟರು ಎಂದೇ ಶುರುವಾಗುತ್ತದೆ. ಅಲ್ಲಿಂದ ಹೊರಟವರು ಮೂರನೇ ವಾರಕ್ಕೂ ಶಾಲೆಯಲ್ಲೇ ಇರುತ್ತಾರೆ, ನಾಲ್ಕನೇ ವಾರಕ್ಕೆ ಜನ ಬರುವುದಿಲ್ಲ. ನಡುವಿನಿಂದ ತೆಗೆಯಿರಿ.

ಪಟ್ಟಿಯಲ್ಲಿ ಗಂಡಸರೇ ತುಂಬಿದ್ದಾರೆ, ಅದು ಕೊರತೆಯೇ. ಸ್ತ್ರೀಶಕ್ತಿ ಸಂಘಗಳಿಗೆ ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿ ಕಂಪನಿಯ ಮನೆಯಿಂದ ಬಂದ ಬಿ. ಜಯಶ್ರೀ ಅವರ ‘ಕಣ್ಣಾ ಮುಚ್ಚೆ ಕಾಡೇ ಗೂಡೇ’ ಸೇರಿಸಬಹುದು. ಗುಬ್ಬಿ ವೀರಣ್ಣನವರ ಮೊಮ್ಮಗಳು, ಸ್ವಂತ ತಂಡ ಕಟ್ಟಿ ನಡೆಸಿದವರು. ಕಲಾವಿದರನ್ನು ಜೊತೆಗಿಟ್ಟುಕೊಂಡು ಊರೂರು ತಿರುಗುವುದು ಆಡಳಿತವೇ ಅಲ್ಲದೆ ಇನ್ನೇನು.

ಇನ್ನು ಪುಸ್ತಕ ಸಿಗುವ ಬಗೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಡಿ.ವಿ.ಜಿ., ಮಾಸ್ತಿ ಕೇಳಿ ನೋಡಿ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಪುಸ್ತಕದ ಹೆಸರು ಬರೆದುಕೊಡಿ, ಬರೀ ಬಾಯಿಮಾತಿನಲ್ಲಿ ಹೇಳಿದರೆ ಮರೆಯುತ್ತಾರೆ. ಜೆರಾಕ್ಸ್ ಮಾಡಿಸಿ ಹಂಚುವ ಮೊದಲು ಒಂದು ಲೆಕ್ಕ: ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962, ಅವರ ಇಂಗ್ಲಿಷ್ ಮೂಲ ಈಗ ಮುಕ್ತ. ಡಿ.ವಿ.ಜಿ. 1975, ಮಾಸ್ತಿ 1986, ಹಾಗಾಗಿ ಇವರ ಪುಸ್ತಕ ಕೊಳ್ಳಲೇಬೇಕು. ಗಾಂಧಿಯವರ ಮೂಲ ಮುಕ್ತವಾದರೂ ಗೊರೂರರ ಅನುವಾದಕ್ಕೆ ಅದರದೇ ಹಕ್ಕಿದೆ.

ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ, ಓದಿ ಅಭ್ಯಾಸ ಇಲ್ಲದ ಗುಂಪಿಗೆ ‘ಹೋರಾಟದ ಹಾದಿ’. ಅಭ್ಯಾಸ ಇರುವವರಿಗೆ ‘ಚಿಕವೀರ ರಾಜೇಂದ್ರ’. ಎರಡಕ್ಕಿದ್ದರೆ ‘ಮೈಸೂರಿನ ದಿವಾನರು’ ಸೇರಿಸಿ, ಗಟ್ಟಿಯಾಗಿ ಓದುವವರೊಬ್ಬರನ್ನು ಮೊದಲು ಗೊತ್ತು ಮಾಡಿಕೊಂಡು. ಕುರಿಯನ್ ಪುಸ್ತಕವನ್ನು ಸಂಘದ ದುಡ್ಡಿನಲ್ಲಿ ತರಿಸುವುದಾದರೆ ಎರಡು ಪ್ರತಿ ತರಿಸಿ, ಅಧ್ಯಕ್ಷರಿಗೊಂದು, ಕಾರ್ಯದರ್ಶಿಗೊಂದು.